ಚಿಕ್ಕಪ್ಪನ ಮೂರನೇ ಸಬ್‌ವೂಫರ್

ನಮ್ಮ ಚಿಕ್ಕಪ್ಪನಿಗೆ ಹುಚ್ಚು ಹಿಡಿದಿದೆ ಅಂತ ಶೆಟ್ಟಿಹಳ್ಳಿಯ ಅರ್ಧ ಬೀದಿ ಹೇಳುತ್ತೆ. ಇನ್ನರ್ಧ ಬೀದಿಯೋರನ್ನ ಕೇಳಿದರೆ ಅವನ ಮನೆ ಸದ್ದಿನಲ್ಲಿ ನಿಮ್ಮ ಪ್ರಶ್ನೆಯೇ ಅವರಿಗೆ ಕೇಳಿಸಲ್ಲ! ಹದಿನಾಲ್ಕಡಿ ಹಾಲ್‌ನಲ್ಲಿ ನೆಲ ನಡುಗಿಸೋ ಮೂರು ಸಬ್‌ವೂಫರ್ ಪೆಟ್ಟಿಗೆ ಇಟ್ಟುಕೊಂಡ ಮನುಷ್ಯನನ್ನು ಇನ್ನೇನಂತ ಕರೀತೀರಿ? ಗಣೇಶನ ಮೆರವಣಿಗೆಯ ಲಾರಿಗೂ ಎರಡೇ ಇರೋದು.

ಕಾರಣ ನನಗೆ ಗೊತ್ತು. ಚಿಕ್ಕಮ್ಮನ ಕಿವಿ ಎರಡು ವರ್ಷದಿಂದ ಮಂದವಾಗ್ತಾ ಬಂದು ಈಗ ಹೋದ ಹಾಗೇ. ಕಿವಿಗೆ ಮಿಷನ್ ಹಾಕಿದರೆ ಮಾತು ಅಷ್ಟಿಷ್ಟು ತಿಳಿಯುತ್ತೆ, ಹಾಡು ಮಾತ್ರ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗಂತೆ. ಮದುವೆಯಾದಾಗಿನಿಂದ ಸಂಜೆ ಇಬ್ಬರೂ ಜೊತೆಗೆ ಕೂತು ಹಾಡು ಕೇಳೋದು ವಾಡಿಕೆ. ಕಿವಿ ಹೋದಮೇಲೆ ಆ ಹೊತ್ತಿಗೆ ಅವಳು ಅಡುಗೆಮನೆ ಸೇರಿಕೊಂಡುಬಿಡ್ತಿದ್ದಳು. "ನೀವ್ ಕೇಳ್ಕೊಳ್ಳಿ. ನಾನ್ ಕೂತು ಏನ್ ಮಾಡ್ಲಿ?" ಅಂತಿದ್ದಳು.

ಬೇರೆ ಗಂಡಸಾಗಿದ್ರೆ ನಿಟ್ಟುಸಿರು ಬಿಟ್ಟು ಸುಮ್ಮನಾಗೋನು. ಕುಣಿಗಲ್‌ನಲ್ಲಿ ಗೊಬ್ಬರದ ಅಂಗಡಿ ನಡೆಸೋ ಚಿಕ್ಕಪ್ಪ, "ಕಿವಿ ಹೋದ್ರೆ ಹೋಗ್ಲಿ ಕಣೋ, ಮೈ ಇದೆಯಲ್ಲ! ಮೈಗೇ ಕೇಳಿಸ್ತೀನಿ" ಅಂತ ಮೊದಲನೇ ಸಬ್‌ವೂಫರ್ ತಂದ. ಹಾಡು ಹಾಕಿದ. ಅಡುಗೆಮನೆಯ ಸ್ಟೀಲ್ ತಟ್ಟೆಗಳೆಲ್ಲ ಗಡಗಡ. ಚಿಕ್ಕಮ್ಮ ಈಚೆ ಬಂದು, "ಪಕ್ಕದ ಸೈಟಲ್ಲಿ ಬೋರ್ ಕೊರೀತಾವ್ರೇನ್ರೀ?" ಅಂದಳು.

ಎರಡನೇದು ಬಂತು. ಎರಡೂ ಸೇರಿದರೆ ದುಪ್ಪಟ್ಟು ಅಂತ ಅವನ ಲೆಕ್ಕ. ಈ ಪೆಟ್ಟಿಗೆಗಳೋ, ವಾರಗಿತ್ತಿಯರ ಹಾಗೆ. ಒಂದು ಮುಂದಕ್ಕೆ ತಳ್ಳಿದ್ದನ್ನ ಇನ್ನೊಂದು ಹಿಂದಕ್ಕೆ ಎಳೆದು, ಸರಿಯಾಗಿ ಚಿಕ್ಕಮ್ಮನ ಕುರ್ಚಿ ಹತ್ತಿರ ಬಂದು ಎರಡೂ ತೆಪ್ಪಗಾಗ್ತಿದ್ದವು. ಬೀದಿಗೆಲ್ಲ ನಡುಕ, ಆ ಕುರ್ಚಿಗೆ ಮಾತ್ರ ಇಲ್ಲ! ಅವತ್ತು ಚಿಕ್ಕಪ್ಪ ಊಟ ಬಿಟ್ಟ.

ಮೂರನೇದಕ್ಕೆ ಜಾಗ ಹುಡುಕೋಕೆ ನನ್ನನ್ನ ಕರೆದ. ಅದಕ್ಕೊಂದು ಪದ್ಧತಿ ಇದೆಯಂತೆ. ಸಬ್‌ವೂಫರನ್ನ ಕೇಳೋರ ಕುರ್ಚಿ ಮೇಲೆ ಕೂರಿಸಿ, ನಾವು ಗೋಡೆ ಪಕ್ಕ ಅಂಬೆಗಾಲಿಡಬೇಕು. ಸದ್ದು ಎಲ್ಲಿ ತುಂಬಿ ಬರುತ್ತೋ, ಆಮೇಲೆ ಪೆಟ್ಟಿಗೇನ ಅಲ್ಲಿಡಬೇಕು. ಧೂಳು ಬೀಳಬಾರದು ಅಂತ ಚಿಕ್ಕಪ್ಪ ಅದಕ್ಕೊಂದು ಸನ್ಮಾನದ ಶಾಲು ಹೊದಿಸಿದ. ಇಬ್ಬರೂ ನೆಲಕ್ಕೆ ಕೈಯೂರಿ ಹೊರಟೆವು. ಅದೇ ಹೊತ್ತಿಗೆ ತಿಂಗಳ ಪೂಜೆಗೆ ನಿಟ್ಟೂರಿಂದ ಅಯ್ಯನೋರು ಬಂದು ಬಾಗಿಲಲ್ಲಿ ನಿಂತರು. ಶಾಲು ಹೊದ್ದ ಗದ್ದುಗೆ, ಅದರೊಳಗಿಂದ ಓಂಕಾರದಂಥ ನಾದ, ಸುತ್ತ ಮಂಡಿಯೂರಿದ ಇಬ್ಬರು ಭಕ್ತರು! ಪಾಪ, ಅವರ ಕಣ್ಣು ತುಂಬಿ ಬಂತು. ಒಳಗೆ ಬಂದು ಸಬ್‌ವೂಫರಿಗೆ ಮೂರು ಬೆರಳಲ್ಲಿ ವಿಭೂತಿ ಹಚ್ಚಿ, "ದೇವರನ್ನ ಎಲ್ಲಿಂದ ಬಿಜಯಂಗೈಸಿದ್ದಪ್ಪಾ?" ಅಂದರು.

"ಗುಬ್ಬಿಯಿಂದ ಬುದ್ಧಿ. ಸೆಕೆಂಡ್ ಹ್ಯಾಂಡು" ಅಂದ ಚಿಕ್ಕಪ್ಪ, ಅಂಬೆಗಾಲಲ್ಲೇ.

ಅಂತೂ ಅಡುಗೆಮನೆ ಬಾಗಿಲ ಪಕ್ಕದ ಮೂಲೆಯಲ್ಲಿ ಜಾಗ ಸಿಕ್ಕಿತು. ಮಾರನೇ ಸಂಜೆ ಚಿಕ್ಕಪ್ಪ ಅವಳ ಮುಂದೆ ಹೋಗಿ ನಿಂತು, ತುಟಿ ಕಾಣೋ ಹಾಗೆ ಬಿಡಿಸಿ ಬಿಡಿಸಿ ಹೇಳಿದ: "ಒಂದೇ ಒಂದ್ಸಲ ಬಂದು ಕೂತ್ಕೊಳೇ. ಇದೂ ಆಗ್ಲಿಲ್ಲ ಅಂದ್ರೆ ಮೂರನ್ನೂ ಮಾರಿಬಿಡ್ತೀನಿ. ನಾನೂ ಹಾಡು ಕೇಳಲ್ಲ."

ಅವಳು ಮಿಷನ್ ತೆಗೆದಿಟ್ಟು ಬಂದು ಕೂತಳು. ಬರಿಗಾಲು ನೆಲದ ಮೇಲಿತ್ತು. ಚಿಕ್ಕಪ್ಪ ಹಾಡು ಹಾಕಿದ. ಒಂದು ನಿಮಿಷ ಏನೂ ಇಲ್ಲ. ಅವನ ಮುಖ ನೋಡೋಕಾಗದೆ ನಾನು ತಲೆ ತಗ್ಗಿಸಿದೆ. ಆಗ ಕಂಡಿತು, ಅವಳ ಹೆಬ್ಬೆರಳು ನೆಲ ತಟ್ಟುತ್ತಿತ್ತು. ಹಾಡಿನ ನಡುವೆ ತಬಲಾ ಒಂದು ಗಳಿಗೆ ನಿಲ್ಲುತ್ತೆ. ಅಲ್ಲಿ ಅವಳ ಬೆರಳೂ ನಿಂತಿತು. ತಬಲಾ ಮತ್ತೆ ಬಿದ್ದಾಗ ಜೊತೆಗೇ ಬಿತ್ತು.

"ಇದು ಮದ್ವೆ ಆದ ವರ್ಷ ನೀವ್ ತಂದಿದ್ದ ಕ್ಯಾಸೆಟ್ಟಿನ ಹಾಡಲ್ವೇನ್ರೀ?" ಅಂದಳು.

ಇಡೀ ಬೀದಿಗೆ ಉತ್ತರ ಕೊಡೋ ಮನುಷ್ಯ, ಅಲ್ಲೇ ನೆಲದ ಮೇಲೆ ಕುಸಿದು ಮಗುವಿನ ಹಾಗೆ ಅತ್ತುಬಿಟ್ಟ.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದಳು. "ಇನ್ನೊಂಚೂರು ಜೋರು ಮಾಡ್ರೀ" ಅಂದಳು.