ಹೋದವನು ಬರಬಾರದಂತೆ!

ಸಿನಿಮಾದಲ್ಲಿ ನಟಿಸುವುದರಲ್ಲಿ ಅಂಥ ಕಷ್ಟವೇನಿದೆ? ಯಾರೋ ಬರೆದುಕೊಟ್ಟದ್ದನ್ನು ಹೇಳಬೇಕು, ತೋರಿಸಿದ ಕಡೆ ನಿಲ್ಲಬೇಕು. ಹದಿನೆಂಟು ವರ್ಷ ಸಂಸಾರ ಮಾಡಿದ ಯಾವ ಗಂಡಸಿಗೂ ಇದು ಹೊಸದಲ್ಲ. ಹೀಗೆಂದು ನಾನು ಬಲವಾಗಿ ನಂಬಿದ್ದೆ.

ನನ್ನ ಮಗಳು ದಿಯಾ ನಂಬಿರಲಿಲ್ಲ. ಅವಳಿಗೆ ಹದಿನೈದು. ಶನಿವಾರದ ನಾಟಕ ತರಗತಿಗೆ ಸೇರಲು ಅವಳು ತುಂಬಿದ ಅರ್ಜಿ ನನ್ನ ಸಹಿಗಾಗಿ ಮೂರು ವಾರದಿಂದ ಫ್ರಿಜ್ ಮೇಲೆ ಕೂತಿತ್ತು. "ಮೊದಲು ಫಿಸಿಕ್ಸ್, ಆಮೇಲೆ ಬೇಕಾದ್ರೆ ನಾಟಕ" ಎಂದು ನಾನು ತೀರ್ಪು ಕೊಟ್ಟಿದ್ದೆ. "ಓಕೆ" ಎಂದಿದ್ದಳು. ಅಷ್ಟೇ. ಅಲ್ಲಿಂದಾಚೆಗೆ ನನಗೆ ದಿನಕ್ಕೆ ಸಿಗುತ್ತಿದ್ದುದು ಒಂದು "ಹಾಯ್", ಒಂದು "ಬೈ". ಮನೆಯಲ್ಲಿ ಅವಳ ಮಾತಿಲ್ಲದೆ ನನಗೆ ಊಟವೂ ಸೇರುತ್ತಿರಲಿಲ್ಲ.

ಆದರೆ ಅವಳ ಕೋಣೆಯ ಗೋಡೆಯ ಮೇಲಿದ್ದವನು ಮಾತ್ರ ನನ್ನನ್ನು ನೋಡಿ ದಿನವೂ ನಗುತ್ತಿದ್ದ. ತೈವಾನಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದ ನಟ. ಅವನ ಜಾತಕ ಅವಳಿಗೆ ಬಾಯಿಪಾಠ. ಫಾರ್ಮಸಿ ಓದುತ್ತಿದ್ದವನು ಮೂರನೆಯ ವರ್ಷಕ್ಕೆ ಬಿಟ್ಟನಂತೆ. ಮೊದಲ ಪಾತ್ರ ಪಿಜ್ಜಾ ತಂದುಕೊಡುವವನದಂತೆ. ಆಮೇಲೆ ಸಾಲಾಗಿ ಹನ್ನೆರಡು ಸಿನಿಮಾಗಳಲ್ಲಿ ಮೊದಲ ಹತ್ತು ನಿಮಿಷದೊಳಗೇ ಸತ್ತನಂತೆ. ಈಗ ಹೀರೋ! ಹೆಸರು ಹೇಳುವುದಿಲ್ಲ; ನಾನು ಉಚ್ಚರಿಸುವ ರೀತಿ ಕೇಳಿದರೆ ಮಗಳಿಗೆ ಸಿಟ್ಟು ಬರುತ್ತದೆ.

ಆ ಮಹಾನುಭಾವ ಒಂದು ಸೀರೀಸ್ ಶೂಟಿಂಗಿಗೆ ನಾವಿರುವ ನೈರೋಬಿಗೇ ಬಂದ. ರಿವರ್‌ಸೈಡ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ಲಾಬಿಯನ್ನು ಹೋಟೆಲಿನಂತೆ ಸಿಂಗರಿಸಿದ್ದರು. ಅಲ್ಲಿಗೆ ಇಂಟರ್ನೆಟ್ ಕೊಟ್ಟಿದ್ದು ನಾನು ಕೆಲಸ ಮಾಡುವ ಕಂಪನಿ. ಒಂದು ಶನಿವಾರ ಬೆಳಿಗ್ಗೆ ಆ ಲೈನ್ ಕೆಟ್ಟಿತು. ದೇವರಿದ್ದಾನೆ!

"ದಿಯಾ, ಬರ್ತೀಯಾ? ನಿನ್ನ ಹೀರೋನ ತೋರಿಸ್ತೀನಿ."

ಮೂರು ವಾರದ ಮೇಲೆ ಅವಳು ನನ್ನ ಮುಖ ನೋಡಿದಳು. "ಅಪ್ಪ, ಪ್ಲೀಸ್, ಅಲ್ಲಿ ಡೋಂಟ್ ಟಾಕ್ ಟು ಎನಿಬಡಿ."

"ಛೆ, ನಾನ್ಯಾಕೆ ಮಾತಾಡ್ಲಿ?"

ನನ್ನ ಹೆಂಡತಿ ಸುಧಾ ಒಳಗಿನಿಂದ ಕೂಗಿದಳು. "ರೀ, ಆ ಟೀ ಶರ್ಟಲ್ಲಿ ಹೋಗ್ಬೇಡಿ! ಕೋಟು ಹಾಕ್ಕೊಳ್ಳಿ. ಸಿನಿಮಾದವರು ಇರ್ತಾರೆ."

ಎಲ್ಲ ಅನರ್ಥಕ್ಕೂ ಆ ಕೋಟೇ ಮೂಲ.

ಲೈನಿಗೆ ಏನೂ ಆಗಿರಲಿಲ್ಲ. ಟೀ ಕೆಟಲ್ ಹಚ್ಚಲು ಯಾರೋ ನಮ್ಮ ಪ್ಲಗ್ ಕಿತ್ತಿದ್ದರು. ಎಂಜಿನಿಯರ್ ಗತ್ತಿನಲ್ಲಿ ಎರಡು ನಿಮಿಷ ಹುಬ್ಬು ಗಂಟಿಕ್ಕಿ, ಮತ್ತೆ ಸಿಕ್ಕಿಸಿದೆ. ತಿರುಗುವಷ್ಟರಲ್ಲಿ ಸಹಾಯಕ ನಿರ್ದೇಶಕಿ ವಂಜಿರು ಓಡಿಬಂದಳು. ಇಂಡಿಯನ್ ವ್ಯಾಪಾರಿಯ ಪಾತ್ರದವನು ಪಂಗಾನಿ ರಸ್ತೆಯ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಬಿದ್ದಿದ್ದನಂತೆ.

"ಕೋಟ್ ಇದೆ, ಮೀಸೆ ಇದೆ, ಪರ್ಫೆಕ್ಟ್! ಒಂದೇ ಲೈನ್ ಅಂಕಲ್. ಸವಾ?"

"ಸವಾ!" ಎಂದೆ, ಅವಳ ಸ್ವಾಹಿಲಿಯಲ್ಲೇ 'ಸರಿ' ಎಂದು. ದಿಯಾ ಕಣ್ಣು ಮುಚ್ಚಿಕೊಂಡಳು.

ದೃಶ್ಯ ಸರಳ. ನಾನು ಪತ್ರಿಕೆ ಓದುತ್ತಾ ಕೂತಿರುತ್ತೇನೆ. ಹೋಟೆಲ್ ಮ್ಯಾನೇಜರ್ ಆಗಿರುವ ಹೀರೋ ಬಂದು, ರೂಮು ಇಟ್ಟಿರಲೇ ಎಂದು ಕೇಳುತ್ತಾನೆ. ನಾನು "ಐ ಆಮ್ ಲೀವಿಂಗ್" ಎಂದು ಎದ್ದು ಹೊರಡಬೇಕು. ಮುಂದಿನ ದೃಶ್ಯದಲ್ಲಿ ನನ್ನ ಹೆಣ ಸಿಗುತ್ತದೆ.

ಆಕ್ಷನ್! ಹೀರೋ ಕೇಳಿದ. ನಾನು ಎದ್ದೆ. ಗಂಭೀರವಾಗಿ ಹೇಳಿದೆ: "ಐ ವಿಲ್ ಗೋ ಆಂಡ್ ಕಮ್."

ಕಟ್!

ನನ್ನ ತಪ್ಪಲ್ಲ ಸ್ವಾಮಿ! ಹೊಸ್ತಿಲಲ್ಲಿ ಅಪ್ಪಿತಪ್ಪಿ "ಹೋಗ್ತೀನಿ" ಎಂದರೆ ನಮ್ಮಮ್ಮ ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, "ಹೋಗಿ ಬರ್ತೀನಿ ಅನ್ನು" ಎಂದು ಹೇಳಿಸಿಯೇ ಕಳಿಸುತ್ತಿದ್ದಳು. ನಲವತ್ತೇಳು ವರ್ಷದ ನಾಲಿಗೆ. ಒಂದು ಕೋಟು ಹಾಕಿದ ಮಾತ್ರಕ್ಕೆ ಬದಲಾಗುತ್ತದೆಯೇ?

ಎರಡನೆಯ ಟೇಕಿನಲ್ಲೂ ಹೋಗಿ ಬಂದೆ. ಮೂರನೆಯದರಲ್ಲಿ ನಿರ್ದೇಶಕ ಕೂಗಿದ. "ನೀನು ವಾಪಸ್ ಬರೋದಿಲ್ಲ! ನೀನು ಸತ್ತುಹೋಗಿದ್ದೀಯ!"

"ಬಿಡ್ತು ಅನ್ನಿ ಸಾರ್!" ಎಂದುಬಿಟ್ಟೆ, ಅಚ್ಚಗನ್ನಡದಲ್ಲಿ.

ಏಳನೆಯ ಟೇಕಿನಲ್ಲಿ "ಐ ಆಮ್ ಲೀವಿಂಗ್" ಎಂದು ಸ್ಪಷ್ಟವಾಗಿ ಹೇಳಿದೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಬಾಗಿಲವರೆಗೆ ಹೋದೆ. ಅಲ್ಲಿ ತಿರುಗಿ, ಹೀರೋನನ್ನು ನೋಡಿ, ತಲೆಯಾಡಿಸಿ, "ಬರ್ಲಾ?" ಎಂದೆ.

ಹತ್ತು ಟೇಕ್ ಆಯಿತು. ನಿರ್ದೇಶಕ ಟೋಪಿ ನೆಲಕ್ಕೆಸೆದು ಟೀ ಬ್ರೇಕ್ ಕೊಟ್ಟ. ಶೂಟಿಂಗ್ ಲೈಟಿನ ಕಂಬದ ಹಿಂದೆ ದಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿ ನಿಂತಿದ್ದಳು. ಮಗಳನ್ನು ಒಲಿಸಿಕೊಳ್ಳಲು ಬಂದವನು, ಅವಳ ದೇವರೆದುರಿಗೇ ಅವಳ ಮಾನ ಕಳೆದಿದ್ದೆ. ಇನ್ನು ಆ "ಹಾಯ್" ಕೂಡ ಸಿಗುವುದಿಲ್ಲ ಎನಿಸಿತು.

ಹೀರೋ ಟೀ ಹಿಡಿದು ಬಂದು ಪಕ್ಕದಲ್ಲಿ ಕೂತ. ಈ "ಗೋ ಆಂಡ್ ಕಮ್" ಏನು ಎಂದು ಕೇಳಿದ. ಹೇಳಿದೆ. ಅವನು ಜೋರಾಗಿ ನಕ್ಕ.

"ನಮ್ಮಜ್ಜಿಯೂ ತೈವಾನ್ ಮಾತಿನಲ್ಲಿ ಹೊರಡುವಾಗ 'ಲಾಯ್ ಖೀ' ಅನ್ನುತ್ತಿದ್ದಳು. ಲಾಯ್ ಎಂದರೆ ಬರುವುದು, ಖೀ ಎಂದರೆ ಹೋಗುವುದು. ನಿಮ್ಮದೇ!"

ಆಮೇಲೆ ಟೀ ಲೋಟ ಕೆಳಗಿಟ್ಟ. "ಓದು ಬಿಟ್ಟು ಮೊದಲ ಶೂಟಿಂಗಿಗೆ ಹೊರಟ ದಿನ, ನಮ್ಮಪ್ಪ ಹೀಗೇ ಪತ್ರಿಕೆಯ ಹಿಂದೆ ಕೂತಿದ್ದರು. ನಾನು ಇಂಗ್ಲಿಷಿನಲ್ಲಿ 'ಐ ಆಮ್ ಲೀವಿಂಗ್' ಅಂದೆ. ಅವರು ಪತ್ರಿಕೆ ಇಳಿಸಲೇ ಇಲ್ಲ. ಆಮೇಲೆ ಎರಡು ವರ್ಷ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಊಟ ಆಯಿತೇ ಎಂದು. ಅಜ್ಜಿಯ ಮಾತಿನಲ್ಲಿ ಹೇಳಿದ್ದರೆ, ಇವನು ವಾಪಸ್ ಬರುತ್ತಾನೆ ಅಂತ ಅವರಿಗೆ ಗೊತ್ತಾಗುತ್ತಿತ್ತೇನೋ."

ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿಕೊಂಡೆ. ಏನಾದರೂ ಸಮಾಧಾನ ಹೇಳಬೇಕಲ್ಲ!

"ನಿಂದು ಊಟ ಆಯ್ತೇನಪ್ಪ?" ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ!

ಹಿಂದಿನಿಂದ ನಗು ಕೇಳಿತು. ದಿಯಾ! ಯಾವಾಗ ಬಂದು ನಿಂತಿದ್ದಳೋ. ಹೀರೋ ಅವಳತ್ತ ತಿರುಗಿ, ನೀನೂ ನಟಿಸುತ್ತೀಯಾ ಎಂದು ಕೇಳಿದ. ಅವಳು ನನ್ನನ್ನು ನೋಡಿದಳು.

"ಮಾಡ್ತಾಳೆ," ಎಂದೆ ನಾನು. "ಅವಳ ಕಡೆಯಿಂದ ತಡ ಇಲ್ಲ. ಸಹಿ ಒಂದು ಬಾಕಿ."

ಅವಳ ಕಣ್ಣು ಅರಳಿತು. ಬಗ್ಗಿ ನನ್ನ ಕಾಲರ್ ಸರಿಮಾಡುತ್ತಾ ಕಿವಿಯಲ್ಲಿ ಹೇಳಿದಳು. "ಅಪ್ಪ, ಔಟ್‌ಸೈಡ್ ಲೀವಿಂಗ್ ಅಂತ ಹೇಳು. ಇನ್‌ಸೈಡ್ ಹೋಗಿ ಬರ್ತೀನಿ ಅಂದ್ಕೋ. ದಟ್ಸ್ ಆಕ್ಟಿಂಗ್."

ಹನ್ನೊಂದನೆಯ ಟೇಕ್ ಓಕೆ ಆಯಿತು. ಮನೆಗೆ ಹೋದವನೇ ಕೋಟು ಕಳಚುವ ಮೊದಲು ಸಹಿ ಹಾಕಿದೆ.

ಕೆಲವು ತಿಂಗಳ ಮೇಲೆ ಸೀರೀಸ್ ಬಂತು. ಮೂವರೂ ಸೋಫಾದಲ್ಲಿ ಕೂತು ನೋಡಿದೆವು. ಕ್ಯಾಮೆರಾ ಉದ್ದಕ್ಕೂ ಹೀರೋನ ಮುಖದ ಮೇಲೇ ಇತ್ತು. ನನ್ನದು ಅಂತ ಕಂಡದ್ದು ಒಂದು ಪತ್ರಿಕೆ, ಒಂದು ಮೊಣಕೈ. ಆ ಮೂರು ಪದವನ್ನೂ ಬೇರೆ ಯಾರದೋ ದನಿ ಹೇಳಿತು!

"ಕೋಟು ಮಾತ್ರ ಚೆನ್ನಾಗಿ ಕಾಣ್ತಿದೆ ರೀ," ಎಂದಳು ಸುಧಾ.

ಮರುದಿನ ಶನಿವಾರ. ಅವಮಾನಕ್ಕೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದೆ. ದಿಯಾ ನಾಟಕ ತರಗತಿಗೆ ಬ್ಯಾಗ್ ಹಾಕಿಕೊಂಡು ಬಾಗಿಲು ತೆರೆದಳು. ಇಷ್ಟು ತಿಂಗಳೂ "ಬೈ" ಎಂದೇ ಹೋಗುತ್ತಿದ್ದವಳು.

"ಅಪ್ಪ, ಹೋಗಿ ಬರ್ತೀನಿ."

ನಾನು ಪತ್ರಿಕೆ ಇಳಿಸಿದೆ. ಅವಳು ನಗುತ್ತಾ ನಿಂತಿದ್ದಳು. ಒಂದೇ ಟೇಕಿನಲ್ಲಿ ಹೇಳಿದ್ದಳು! ನಾನು ಹನ್ನೊಂದು ತೆಗೆದುಕೊಂಡಿದ್ದೆ.