ಪರೀಕ್ಷೆಗೆ ಬರುವ ಸಮುದ್ರ

ಭೂಗೋಳ ಕಲಿಸುವವರು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ತರಗತಿಯಲ್ಲಿ ನಕ್ಷೆ ಬಿಚ್ಚಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ನಾನು ಉಡುಪಿಯ ಒಂದು ಬಿ.ಎಡ್. ಕಾಲೇಜಿನಲ್ಲಿ, ನಾಳೆ ಶಿಕ್ಷಕರಾಗುವವರಿಗೆ ಭೂಗೋಳ ಕಲಿಸುವುದು ಹೇಗೆಂದು ಕಲಿಸುವವಳು. ಒಂದು ಕಡೆ ನಿಲ್ಲುವ ಜಾಯಮಾನ ನನ್ನದಲ್ಲ. ಇವತ್ತು ಕಾಪು, ನಾಳೆ ಕಾರ್ಕಳ ಎಂದು ನಮ್ಮ ವಿದ್ಯಾರ್ಥಿಗಳು ಪಾಠ ಮಾಡುವ ಶಾಲೆಗಳನ್ನು ಸುತ್ತುತ್ತಲೇ ಇರುತ್ತೇನೆ.

ಕಳೆದ ವರ್ಷ ಈ ಸುತ್ತಾಟಕ್ಕೇ ಸಂಚಕಾರ ಬಂತು. ಪ್ರಾಂಶುಪಾಲರು ಕರೆದು, "ಭೂಗೋಳ ತೆಗೆದುಕೊಳ್ಳುವವರು ಕಡಿಮೆಯಾಗಿದ್ದಾರೆ ಮೇಡಂ. ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಸಮಿತಿ ಬಂದು ಒಂದು ಪಾಠ ನೋಡುತ್ತದೆ. ಮೆಚ್ಚಿದರೆ ಸರಿ. ಇಲ್ಲದಿದ್ದರೆ ಭೂಗೋಳವನ್ನು ಇತಿಹಾಸದ ಜೊತೆ ಸೇರಿಸಿ ನಿಮಗೆ ಕಚೇರಿಯಲ್ಲಿ ಕೆಲಸ ಕೊಡುವುದು," ಎಂದರು.

ಕಚೇರಿ! ಅಲ್ಲಿಯ ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ ಮಾತ್ರ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಸಮಿತಿ ಬೆರಗಾಗುವಂಥ ಪಾಠವೊಂದು ಬೇಕು ಎಂದು ಹುಚ್ಚು ಹಿಡಿದವಳ ಹಾಗೆ ಅಲೆದೆ.

ಎರಡು ಸಮುದ್ರ

ಮೊದಲು ಹೋದದ್ದು ಕಾಪುವಿನ ಶಾಲೆಗೆ. ನಮ್ಮ ವಿದ್ಯಾರ್ಥಿನಿ ಕಪ್ಪುಹಲಗೆಯ ಮೇಲೆ ಭಾರತದ ನಕ್ಷೆ ತೂಗುಹಾಕಿ ದಿಕ್ಕುಗಳ ಪಾಠ ಮಾಡುತ್ತಿದ್ದಳು. "ಉತ್ತರ ಎಲ್ಲಿದೆ?" ಎಂದು ಕೇಳಿದಳು. ಇಡೀ ತರಗತಿ ಒಟ್ಟಿಗೆ ಫ್ಯಾನಿನ ಕಡೆಗೆ ಕೈ ಎತ್ತಿತು. ನಕ್ಷೆಯಲ್ಲಿ ಉತ್ತರ ಮೇಲಕ್ಕಿದೆಯಲ್ಲ, ಹಾಗೆ.

ನನಗೆ ತಡೆಯಲಾಗಲಿಲ್ಲ. ಎದ್ದು ಮುಂದೆ ಹೋದೆ. "ನಮ್ಮ ಸಮುದ್ರ ಯಾವ ದಿಕ್ಕಿನಲ್ಲಿದೆ ಮಕ್ಕಳೇ?"

"ಪಶ್ಚಿಮ!"

"ಪಶ್ಚಿಮ ತೋರಿಸಿ ನೋಡುವ."

ಎಲ್ಲರೂ ನಕ್ಷೆಯ ಎಡಗಡೆಗೆ ಬೆರಳು ಮಾಡಿದರು. ಸಮುದ್ರ ಇದ್ದದ್ದು ಬಲಗಡೆಯ ಕಿಟಕಿಯಾಚೆ. ಅಲೆಯ ಸದ್ದು ಪಾಠದ ಸದ್ದಿಗಿಂತ ಜೋರಾಗಿಯೇ ಕೇಳುತ್ತಿತ್ತು.

"ಅಲ್ಲ ಮಾರಾಯ್ರೇ, ಸಮುದ್ರ ಈ ಕಡೆ ಇರುವಾಗ ಪಶ್ಚಿಮ ಆ ಕಡೆ ಹೇಗೆ ಆಗುತ್ತದೆ?"

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ನನಗೆ ಸಮಾಧಾನ ಹೇಳಿದಳು: "ಮೇಡಂ, ಕಿಟಕಿಯ ಹತ್ತಿರ ಇರುವುದು ನಮ್ಮ ಸಮುದ್ರ. ಅಲ್ಲಿರುವುದು ಪರೀಕ್ಷೆಗೆ ಬರುವ ಸಮುದ್ರ."

ಅನುಭವಿ ತರಗತಿ

ಇನ್ನು ನಕ್ಷೆಯ ಸಹವಾಸ ಬೇಡ, ಗೋಳ ಹಿಡಿದುಕೊಂಡು ಕಲಿಸುವ ಎಂದು ಕಾರ್ಕಳಕ್ಕೆ ಹೋದೆ. ಅಲ್ಲಿ ನಮ್ಮ ಹುಡುಗನೊಬ್ಬ ಹಗಲು ರಾತ್ರಿಯ ಪಾಠಕ್ಕೆ ಗೋಳವನ್ನೂ ಟಾರ್ಚನ್ನೂ ಹಿಡಿದು ನಿಂತಿದ್ದ. ಅದು ಅವನ ಮೊದಲ ತರಗತಿ. ಪಾಠ ಮರೆತೇ ಹೋಯಿತು.

"ಸರ್, ಈಗ ಕಿಟಕಿ ಮುಚ್ಚಬೇಕು," ಎಂದಿತು ಒಂದು ಮಗು. ಇನ್ನೊಂದು ಹೋಗಿ ಮುಚ್ಚಿಯೇ ಬಿಟ್ಟಿತು. "ಟಾರ್ಚ್ ಹಾಕಿ ಸರ್. ಗೋಳ ಆ ಕಡೆಗಲ್ಲ, ಈ ಕಡೆಗೆ ತಿರುಗಿಸಬೇಕು," ಎಂದಿತು ಮೂರನೆಯದು.

ನನಗೆ ವಿಷಯ ಆಮೇಲೆ ಹೊಳೆಯಿತು. ಸುತ್ತಲಿನ ಬಿ.ಎಡ್. ಕಾಲೇಜುಗಳವರೆಲ್ಲ ಅಭ್ಯಾಸಕ್ಕೆ ಬರುವುದು ಇದೇ ತರಗತಿಗೆ. ಬಂದವರೆಲ್ಲ ಆರಿಸಿಕೊಳ್ಳುವುದು ಇದೇ ಪಾಠವನ್ನು, ಸುಲಭ ಅಲ್ವಾ! ಮಕ್ಕಳು ಇದನ್ನು ಕೇಳಿ ಕೇಳಿ ನಮ್ಮ ಕಾಲೇಜಿನ ಅಧ್ಯಾಪಕರಷ್ಟೇ ನುರಿತಿದ್ದರು.

ಹುಡುಗ ಹೇಗೋ ಧೈರ್ಯ ತಂದುಕೊಂಡು ಮೊದಲ ಪ್ರಶ್ನೆ ಕೇಳಿದ. "ಹಗಲು ರಾತ್ರಿ ಏಕೆ ಆಗುತ್ತದೆ?"

ಒಬ್ಬಳು ಕೈ ಎತ್ತಿ ಬಹಳ ವಿನಯದಿಂದ ಕೇಳಿದಳು: "ಸರ್, ನಾವು ಮೊದಲು ತಪ್ಪು ಉತ್ತರ ಹೇಳಬೇಕಾ, ಸೀದಾ ಸರಿಯುತ್ತರವೇ ಹೇಳಬಹುದಾ?"

ಆಕಾಶದಿಂದ ಕಂಡ ಕಾರು

ಸಮಿತಿಯ ದಿನ ಹತ್ತಿರ ಬರುತ್ತಿತ್ತು, ನನ್ನ ತಲೆಬಿಸಿ ಏರುತ್ತಿತ್ತು. ಆಗ ಮಣಿಪಾಲದಲ್ಲಿ ಉಪಗ್ರಹ ಚಿತ್ರಗಳಿಂದ ಭೂಗೋಳ ಕಲಿಸುವ ಕಾರ್ಯಾಗಾರ ಉಂಟೆಂದು ತಿಳಿಯಿತು. ಇದೇ ನನ್ನ ಕೊನೆಯ ಆಸರೆ ಎಂದು ಓಡಿದೆ. ಹವಾನಿಯಂತ್ರಿತ ಸಭಾಂಗಣ, ಪ್ರತಿಯೊಬ್ಬರ ಮುಂದೆ ಒಂದು ಕಂಪ್ಯೂಟರ್. ಬಂದ ಪ್ರೊಫೆಸರರು, "ಇಡೀ ಜಗತ್ತು ನಿಮ್ಮ ಬೆರಳ ತುದಿಯಲ್ಲಿದೆ, ಎಲ್ಲಿಗೆ ಬೇಕಾದರೂ ಹೋಗಿ," ಎಂದರು. ಹಿಮಾಲಯಕ್ಕೆ ಯಾರೂ ಹೋಗಲಿಲ್ಲ. ಎಲ್ಲರೂ ನೇರ ಹೋದದ್ದು ತಮ್ಮ ತಮ್ಮ ಮನೆಯ ಮಾಡಿನ ಮೇಲಕ್ಕೆ.

ನನ್ನ ಪಕ್ಕದಲ್ಲಿದ್ದ ಪ್ರೌಢಶಾಲೆಯ ಶಿಕ್ಷಕಿಯ ಮುಖ ಇದ್ದಕ್ಕಿದ್ದ ಹಾಗೆ ಕೆಂಪಾಯಿತು. ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದರು. "ಎಲ್ಲಿದ್ದೀರಿ?"

ಸುತ್ತ ಎಲ್ಲರಿಗೂ ಕೇಳುವ ಹಾಗೆ ಉತ್ತರ ಬಂತು: "ಮಂಗಳೂರಿನಲ್ಲಿ. ಬೆಳಿಗ್ಗೆ ಹೇಳಿಯೇ ಹೊರಟದ್ದಲ್ವಾ?"

"ಸುಳ್ಳು ಹೇಳಬೇಡಿ! ನಾನು ಮೇಲಿನಿಂದ ನೋಡುತ್ತಾ ಇದ್ದೇನೆ. ಕಾರು ಅಂಗಳದಲ್ಲಿಯೇ ಉಂಟು."

"ಯಾವ ಕಾರು?"

"ಯಾವುದೆಂದರೆ ಎಂತ? ನಮ್ಮ ಕೆಂಪು ಕಾರು!"

ಆ ಕಡೆಯಿಂದ ನಿಧಾನವಾಗಿ ಕೇಳಿಸಿತು: "ಮಾರಾಯ್ತಿ, ಅದನ್ನು ಹೋದ ವರ್ಷವೇ ನಿನ್ನ ಅಣ್ಣನಿಗೆ ಮಾರಿದ್ದಲ್ಲವಾ? ನೀನು ನೋಡುತ್ತಿರುವುದು ಹಳೆಯ ಚಿತ್ರ. ಮೇಲಿನಿಂದ ನೋಡುವುದಾದರೆ ಅವನ ಅಂಗಳವನ್ನೂ ಒಮ್ಮೆ ನೋಡು."

ಕರಾವಳಿಯಲ್ಲಿ ಸಮಿತಿ

ಆಕಾಶದಿಂದಲೂ ಕೆಲಸ ಆಗಲಿಲ್ಲ. ಕೊನೆಗೆ ನೆಲವೇ ಗತಿ ಎಂದು ತೀರ್ಮಾನಿಸಿದೆ. ಉಡುಪಿಯ ಒಂದು ಶಾಲೆಯ ಮೈದಾನದ ತುಂಬ ಸುಣ್ಣದ ಪುಡಿಯಿಂದ ಭಾರತವನ್ನು ಬರೆಸಿದೆ. ನಕ್ಷೆಯ ಪಶ್ಚಿಮ ನಿಜವಾದ ಪಶ್ಚಿಮಕ್ಕೇ ಇರುವ ಹಾಗೆ. ಪಶ್ಚಿಮ ಘಟ್ಟದ ಜಾಗದಲ್ಲಿ ಬೆಂಚುಗಳ ಸಾಲು. ಮಕ್ಕಳೇ ಮಳೆಮಾರುತ: ಚೊಂಬು ಹಿಡಿದು ಅರಬ್ಬಿ ಸಮುದ್ರದಲ್ಲಿಟ್ಟ ಬಾಲ್ದಿಯಿಂದ ನೀರು ತುಂಬಿಕೊಂಡು ಓಡಿ ಬರಬೇಕು, ಘಟ್ಟದ ಬುಡದಲ್ಲಿ ಸುರಿಯಬೇಕು.

ಶುರುವಿನಲ್ಲಿಯೇ ಒಂದು ತೊಡಕು. ಒಬ್ಬರೂ ನಕ್ಷೆಯ ಮೇಲೆ ಕಾಲಿಡಲಿಲ್ಲ. "ದೇಶವನ್ನು ಮೆಟ್ಟಬಾರದು ಮೇಡಂ," ಎಂದರು. ಚಪ್ಪಲಿ ತೆಗೆದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುವುದೆಂದು ರಾಜಿಯಾಯಿತು. ಮಳೆಮಾರುತ ಅಷ್ಟು ಭಕ್ತಿಯಿಂದ ಬಂದದ್ದನ್ನು ನಾನೆಲ್ಲೂ ಕಂಡಿಲ್ಲ.

ಸಮಿತಿ ಬಂತು. ಇಬ್ಬರು ಸದಸ್ಯರು, ಒಬ್ಬರು ಅಧ್ಯಕ್ಷರು. ಅಧ್ಯಕ್ಷರದು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖವೂ ಹಾಗೆಯೇ. ಖಾಲಿ ಜಾಗ ಇದ್ದದ್ದು ಸಮುದ್ರದಲ್ಲಿ ಮಾತ್ರ, ಕುರ್ಚಿಗಳನ್ನು ಅಲ್ಲಿಯೇ ಹಾಕಿಸಿದ್ದೆ. ಸದಸ್ಯರು ಕುಳಿತರು. ಅಧ್ಯಕ್ಷರಿಗೆ ಬಿಸಿಲು ತಾಗಿತು. ಶೂ ಬಿಚ್ಚಿಟ್ಟು, ಕುರ್ಚಿಯನ್ನು ತಾವೇ ಎತ್ತಿಕೊಂಡು ಮರದ ನೆರಳಿಗೆ ಹೋಗಿ ಕುಳಿತರು. ನೆರಳು ಬಿದ್ದದ್ದು ಸರಿಯಾಗಿ ಕರಾವಳಿಯ ಮೇಲೆ, ಘಟ್ಟದ ಬುಡದಲ್ಲಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಪಾಠ ಮಾಡುತ್ತಿದ್ದ ನಮ್ಮ ವಿದ್ಯಾರ್ಥಿನಿ, "ಮಕ್ಕಳೇ, ಜೂನ್ ತಿಂಗಳು!" ಎಂದಾಗಿತ್ತು. ಏನೇ ಅಡ್ಡ ಬಂದರೂ ನಿಲ್ಲಬೇಡಿ ಎಂದು ಮಕ್ಕಳಿಗೆ ಕಲಿಸಿದವಳು ನಾನೇ. ಅವರು ನಿಲ್ಲಲಿಲ್ಲ. ಬೊಬ್ಬೆ ಹೊಡೆಯುತ್ತ ಬಂದು, ಘಟ್ಟದ ಬುಡದಲ್ಲಿ ಇದ್ದಬದ್ದ ನೀರನ್ನೆಲ್ಲ ಸುರಿದರು.

ಅಧ್ಯಕ್ಷರು ಹಾರಿ ಎದ್ದರು. ಅಂಗಿ ಮೈಗೆ ಅಂಟಿತ್ತು. ಮುಗಿಯಿತು, ನನ್ನ ಭೂಗೋಳ ಇವತ್ತಿಗೆ ಮುಗಿಯಿತು ಎಂದು ನನಗೆ ಅಳುವೇ ಬಂತು.

"ಎಂತ ಇದು? ಮೈಮೇಲೆ ಯಾಕೆ ನೀರು ಹಾಕಿದೆ?" ಎಂದು ಹತ್ತಿರದ ಹುಡುಗಿಯನ್ನು ಗದರಿಸಿದರು.

"ನಾನು ಹಾಕಿದ್ದಲ್ಲ ಸರ್," ಎಂದಳು ಆಕೆ. "ಗಾಳಿ ಘಟ್ಟಕ್ಕೆ ತಾಗಿ ಮೇಲೆ ಹೋಗುತ್ತದೆ, ತಣ್ಣಗಾಗುತ್ತದೆ, ಮಳೆ ಬರುತ್ತದೆ. ನೀವು ಕರಾವಳಿಯಲ್ಲಿ ಕುಳಿತಿದ್ದಿರಿ."

ಅವರು ಮೈದಾನದ ಸುತ್ತ ಕಣ್ಣು ಹಾಯಿಸಿದರು. "ಮಳೆ ಬೀಳದ ಜಾಗ ಎಲ್ಲಿ ಉಂಟು?"

"ಜೂನ್‌ನಲ್ಲಿ ಘಟ್ಟದ ಆಚೆಗೆ ಕಡಿಮೆ ಸರ್. ದೂರ ಹೋದಷ್ಟೂ ಕಡಿಮೆ."

ಅಧ್ಯಕ್ಷರು ಕುರ್ಚಿ ಎತ್ತಿಕೊಂಡು ಘಟ್ಟ ದಾಟಿದರು. ಎಲ್ಲಿಯೂ ನಂಬಿಕೆ ಬರಲಿಲ್ಲವೋ ಏನೋ, ಹೋಗುತ್ತ ಹೋಗುತ್ತ ಪೂರ್ವದ ಅಂಚಿಗೆ ತಲುಪಿ, ಚೆನ್ನೈ ಇರಬೇಕಾದ ಜಾಗದಲ್ಲಿ ಕುರ್ಚಿ ಊರಿ, ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಹೂಂ, ಮುಂದುವರಿಸಿ," ಎಂದರು.

ನಮ್ಮ ವಿದ್ಯಾರ್ಥಿನಿ ಪಾಪ, ಹೆದರಿ ಕಣ್ಣುಮುಚ್ಚಿಕೊಂಡೇ ಪಾಠ ಮುಗಿಸುವ ಅವಸರದಲ್ಲಿದ್ದಳು. "ಮಕ್ಕಳೇ, ಈಗ ಅಕ್ಟೋಬರ್!" ಎಂದಳು.

ಬಂಗಾಳಕೊಲ್ಲಿಯಲ್ಲಿ ಇಷ್ಟು ಹೊತ್ತು ಚೊಂಬು ಹಿಡಿದು ಕಾಯುತ್ತಿದ್ದ ಎರಡನೆಯ ತಂಡ, ಹಿಂಗಾರು ಮಳೆ, ಅಧ್ಯಕ್ಷರ ಬೆನ್ನ ಹಿಂದಿನಿಂದ ಎದ್ದಿತು.

ಪ್ರಾಂಶುಪಾಲರು ಟವೆಲ್ ಹಿಡಿದು ಓಡಿದರು. ನಾನೂ ಹಿಂದೆಯೇ ಓಡಿದೆ. ಅಧ್ಯಕ್ಷರ ಕಣ್ಣಿನಿಂದ ನೀರು ಹರಿಯುತ್ತಿತ್ತು. ಅಳುತ್ತಿದ್ದಾರೋ ಎಂದುಕೊಂಡೆ. ನೋಡಿದರೆ, ನಗು ತಡೆಯಲಾಗದೆ ಕುರ್ಚಿಯನ್ನು ಹಿಡಿದುಕೊಂಡು ನಿಂತಿದ್ದರು.

"ಮುಂಗಾರು ಹಿಂಗಾರು ಎಲ್ಲ ನಾನು ಬಾಯಿಪಾಠ ಮಾಡಿ ಪಾಸಾದವನು. ಅರ್ಥ ಆದದ್ದು ಇವತ್ತು," ಎಂದರು. ಮತ್ತೆ ಪ್ರಾಂಶುಪಾಲರ ಕಡೆ ತಿರುಗಿ, "ಭೂಗೋಳ ತೆಗೆಯುವುದು ಬೇಡ. ಇರಲಿ," ಎಂದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಅವರು ಅಂಗಿಯ ತುದಿ ಹಿಂಡುತ್ತ ನನ್ನನ್ನು ಹತ್ತಿರ ಕರೆದರು. "ಆದರೆ ಮೇಡಂ, ಬರುವ ವರ್ಷ ನನ್ನ ಕುರ್ಚಿ ರಾಜಸ್ಥಾನದಲ್ಲಿ ಹಾಕಿಸಿ."