ಗೋಡೆಗೊಂದು ನಕ್ಷೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸಾಧಾರಣ ಬೆಳಗು. ಹಾಲಿನವನು ಬಂದ, ನಲ್ಲಿಯಲ್ಲಿ ನೀರು ಬಂತು, ಪಕ್ಕದ ಮನೆಯ ಮಿಕ್ಸಿ ಎಂದಿನಂತೆ ಅರಚಿತು. ಹಾಗಾದರೆ ತಾನೂ ಕೆಲಸಕ್ಕೆ ಹೋಗಬಹುದು ಎಂದುಕೊಂಡಳು ಅವಳು.

ಕೋಣೆಯ ಗೋಡೆಯಲ್ಲಿ, ಲಾಂಡ್ರಿಯೊಂದಕ್ಕಾಗಿ ಗಂಡ ಬರೆದಿದ್ದ ನಕ್ಷೆ ತೂಗುತ್ತಿತ್ತು. ಅಗಲವಾದ ಬಿಳಿ ಬಟ್ಟೆ. ಮೇಲಂಚನ್ನು ಮಡಿಚಿ, ಒಡ್ಡೊಡ್ಡಾಗಿ ತಾನೇ ಹೊಲಿದು, ಕೋಲು ತೂರಿಸಿದ್ದ. ಅದನ್ನು ಇಳಿಸಿ ಸುತ್ತಿಕೊಂಡಳು.

"ಇವತ್ತೇ ಹೋಗ್ಬೇಕೇನಮ್ಮ? ಜನ ಏನಂದ್ಕೊಳ್ತಾರೆ?" ಎಂದರು ಅತ್ತೆ.

"ಲಾಂಡ್ರಿಯವರು ಇವತ್ತೇ ಕರೆದಿದ್ದಾರೆ, ಅತ್ತೆ. ಇದನ್ನ ಅವರ ಗೋಡೆಗೆ ಹಾಕಿಸಿಯೇ ಬರ್ತೀನಿ."

ಅತ್ತೆ ಅಡುಗೆಮನೆಗೆ ಹೋಗಿ ಬಂದರು. ಊಟದ ಡಬ್ಬಿಯ ಮುಚ್ಚಳ ಬಿಗಿದು ಕೈಗಿಟ್ಟರು.

ಗಂಡ ಹೆಂಡತಿ ಇಬ್ಬರದೂ ಒಂದೇ ಓದು, ಒಂದೇ ಕಸುಬು: ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ಒಂದು ವ್ಯಾಪಾರದಲ್ಲಿ ಯಾರ ಕೆಲಸ ಯಾರದಕ್ಕೆ ಗಂಟುಬಿದ್ದಿದೆ, ಯಾವ ಕಂಪ್ಯೂಟರು ಯಾವುದರೊಡನೆ ಮಾತು ಬಿಟ್ಟಿದೆ ಎಂಬುದನ್ನೆಲ್ಲ ಒಂದೇ ನಕ್ಷೆಯಲ್ಲಿ ಕಾಣಿಸಿ, ಆಮೇಲೆ ಸರಿಪಡಿಸುವ ವಿದ್ಯೆ. ಲಾಂಡ್ರಿಯವರಿಗೆ ಅದರ ಗಂಧಗಾಳಿಯೂ ಇರಲಿಲ್ಲ.

ಲಾಡ್ಜುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅಂದು ಹಬೆಗಿಂತ ಜಗಳವೇ ಹೆಚ್ಚು ಬಿಸಿಯಾಗಿತ್ತು. ದೊಡ್ಡ ಲಾಡ್ಜಿನ ಬೆಡ್‌ಶೀಟೊಂದು ತಿಂಗಳಿಂದ ನಾಪತ್ತೆ. ಅದರ ಮ್ಯಾನೇಜರು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು, ಬಿಡದ ಹಲ್ಲುನೋವಿನಂತೆ ಕೂತಿದ್ದರು.

ಅವಳು ಟ್ರಾಲಿಗೆ ನಕ್ಷೆ ತೂಗುಹಾಕಿದಳು. ಒಬ್ಬೊಬ್ಬರ ಕೆಲಸಕ್ಕೊಂದು ಚೌಕ, ಚೌಕದಿಂದ ಚೌಕಕ್ಕೆ ಬಾಣ. ಎಲ್ಲರೂ ಮೊದಲು ಹುಡುಕಿದ್ದು ತಮ್ಮ ತಮ್ಮ ಚೌಕವನ್ನು.

"ನನ್ನದ್ಯಾಕೆ ಇಷ್ಟು ಚಿಕ್ಕದು?" ಎಂದ ಒಗೆಯುವ ಮೇಸ್ತ್ರಿ.

"ನಿನ್ನ ಕೆಲ್ಸ ಇರೋದೇ ಅಷ್ಟು," ಎಂದಳು ಇಸ್ತ್ರಿ ಅಕ್ಕ.

"ನೋಡಿ ಮೇಡಂ, ಈ ಅಕ್ಕನ್ನ ನನ್ನ ತಲೆ ಮೇಲೆ ಕೂರಿಸಿದ್ದೀರ! ನನ್ನ ಕೈ ದಾಟದೆ ಒಂದು ಕರ್ಚೀಫೂ ಇವಳ ಹತ್ರ ಹೋಗಲ್ಲ."

"ಬಾಣ ಎಲ್ಲ ನನ್ನ ಕಡೆಗೇ ತಿರುಗಿವೆಯಲ್ಲ," ಎಂದು ವ್ಯಾನ್ ಡ್ರೈವರು ಎರಡು ಹೆಜ್ಜೆ ಹಿಂದೆ ಸರಿದ.

ಲಾಂಡ್ರಿಯ ಸಾಹುಕಾರರು ಕೆಮ್ಮಿದರು. "ಚಿತ್ರ ಚೆನ್ನಾಗಿದೆಯಮ್ಮ. ಇದನ್ನ ನೋಡ್ತಾ ಕೂತ್ರೆ ಬಟ್ಟೆ ಒಣಗುತ್ತಾ?"

ಅವಳು ಮ್ಯಾನೇಜರತ್ತ ನೋಡಿ, ಸಾಹುಕಾರರ ಕಡೆ ತಿರುಗಿದಳು. "ಆ ಬೆಡ್‌ಶೀಟನ್ನ ಇದೇ ನಕ್ಷೆ ಹಿಡಿದು ಹುಡುಕಿಕೊಡ್ತೀನಿ. ಸಿಕ್ಕರೆ ಗೋಡೆಗೆ ಹಾಕ್ತೀರಾ?"

"ಸಿಕ್ಕರೆ ಮೊಳೆ ನಾನೇ ಹೊಡೀತೀನಿ!" ಎಂದರು ಸಾಹುಕಾರರು.

ಅವಳು ಸೆರಗು ಬಿಗಿದಳು. ವ್ಯಾನಿನವನ ಫೋನಿನಲ್ಲಿ ಬೆಡ್‌ಶೀಟು ಲಾಡ್ಜಿನ ಹೆಸರಲ್ಲಿತ್ತು. ಮೇಸ್ತ್ರಿಯ ಕಂಪ್ಯೂಟರಿನಲ್ಲಿ ಬರೀ ತೂಕವಾಗಿತ್ತು. ಇಸ್ತ್ರಿ ಅಕ್ಕನ ಕಂಪ್ಯೂಟರಿನಲ್ಲಿ ಕಪಾಟಿನ ಖಾನೆಯಾಗಿತ್ತು. ಮೂರು ಊರಲ್ಲಿ ಮೂರು ಹೆಸರಿಟ್ಟುಕೊಂಡ ಸಾಲಗಾರನ ಹಾಗೆ ಅದು ತಪ್ಪಿಸಿಕೊಂಡು ತಿರುಗುತ್ತಿತ್ತು. ಅವಳು ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದಳು. ವ್ಯಾನಿನಿಂದ ಇಳಿದಿದೆ. ಒಗೆಯಲು ಹೋದಷ್ಟೇ ತೂಕ ಹೊರಗೆ ಬಂದಿದೆ, ಮೇಸ್ತ್ರಿ ಎದೆಯುಬ್ಬಿಸಿದ. ಕಪಾಟು ಸೇರಿದೆ. ಅಲ್ಲಿಂದ ಮುಂದೆ ವ್ಯಾನು ಹತ್ತಿಲ್ಲ.

"ಅಕ್ಕ, ಕಪಾಟಿನಿಂದ ಯಾರು ತೆಗೆದರು?"

"ಸಾಹುಕಾರ್ರೇ ಬಂದು ಕೇಳಿದ್ರು, ಕೊಟ್ಟೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಎಲ್ಲರೂ ಬರೀ ಬೈದ್ರು."

ನಕ್ಷೆಯಲ್ಲಿ ಕಪಾಟಿನಿಂದ ಸಾಹುಕಾರರ ಕೋಣೆಗೆ ಚುಕ್ಕಿಚುಕ್ಕಿಯ ಒಂದು ಬಾಣವಿತ್ತು. ಗಂಡನ ಕೈತಪ್ಪೆಂದು ಅವಳು ಇಷ್ಟು ದಿನ ತಿಳಿದಿದ್ದಳು.

ಸಾಹುಕಾರರ ಮುಖ ನೀರಲ್ಲಿ ನೆನೆಸಿದ ಕಾಲರಿನಂತಾಯಿತು. "ಅಯ್ಯೋ, ಮರೆತೇಬಿಟ್ಟಿದ್ದೆ! ನಿಮ್ಮನೆಯವರಿಗೇ ಕೊಟ್ಟಿದ್ದು ಕಣಮ್ಮ. ಕಾಗದ ಸಾಲಲ್ಲ, ಅಗಲವಾದ ಬಟ್ಟೆ ಬೇಕು, ವಾಪಸ್ ತಂದ್ಕೊಡ್ತೀನಿ ಅಂದಿದ್ರು."

ಎಲ್ಲರ ಕಣ್ಣೂ ನಕ್ಷೆಯ ಮೇಲೆ ನಿಂತಿತು. ಮ್ಯಾನೇಜರು ಎದ್ದು ಬಂದು ಮೇಲಂಚಿನ ಹೊಲಿಗೆ ಬಿಡಿಸಿದರು. ಮಡಿಕೆಯ ಮೂಲೆಯಲ್ಲಿ ಲಾಡ್ಜಿನ ಕೆಂಪು ದಾರದ ಗುರುತು.

ಸಾಹುಕಾರರು ಮಾತಿಗೆ ತಪ್ಪುವವರಲ್ಲ. ಸುತ್ತಿಗೆ ತಂದು ಎದುರುಗೋಡೆಗೆ ಮೊಳೆ ಹೊಡೆದರು.

"ನಮಗೆ ನಮ್ಮ ಬೆಡ್‌ಶೀಟು ಬೇಕು, ನಿಮ್ಮ ಬಾಣಗೀಣ ಅಲ್ಲ. ಬಿಳಿಯಾಗಿ ಬೇಕು," ಎಂದರು ಮ್ಯಾನೇಜರು.

ಅವಳು ಬಟ್ಟೆಯನ್ನು ತುಸು ಹೊತ್ತು ಹಿಡಿದೇ ನಿಂತಳು. ಆಮೇಲೆ, "ವಾಪಸ್ ಕೊಡ್ತೀನಿ ಅಂದಿದ್ರಂತಲ್ಲ," ಎಂದು ತಾನೇ ಕೋಲು ಎಳೆದು ಮೇಸ್ತ್ರಿಯ ಕೈಗಿತ್ತಳು.

ಯಂತ್ರ ತಿರುಗತೊಡಗಿತು. ಚೌಕ, ಬಾಣ, ಗಂಡನ ದುಂಡಗಿನ ಅಕ್ಷರ ಎಲ್ಲ ನೀಲಿ ನೀರಾಗಿ ಮೋರಿಗಿಳಿಯಿತು.

"ಒಂದು ಫೋಟೋ ತಗೋಬೋದಿತ್ತಲ್ವಾ ಮೇಡಂ?" ಎಂದ ವ್ಯಾನಿನವನು, ಆಗ.

ಮೇಸ್ತ್ರಿಯಿಂದ ಇಸ್ತ್ರಿ ಅಕ್ಕನಿಗೆ, ಅಕ್ಕನಿಂದ ಕಪಾಟಿಗೆ, ನಕ್ಷೆ ತನ್ನಲ್ಲಿ ಬರೆದಿದ್ದ ದಾರಿಯಲ್ಲೇ ಒಂದು ಹೆಜ್ಜೆಯೂ ತಪ್ಪದೆ ನಡೆಯಿತು.

"ಇನ್ನೊಂದು ಬರೀರಮ್ಮ, ಮೊಳೆ ಕಾಯ್ತಿರುತ್ತೆ. ಬಟ್ಟೆ ನಾನೇ ಕೊಡ್ತೀನಿ," ಎಂದು ಸಾಹುಕಾರರು ಮತ್ತೆ ಕಪಾಟಿಗೆ ಕೈಹಾಕಿದರು. ಇಸ್ತ್ರಿ ಅಕ್ಕ ಕಪಾಟಿನ ಬಾಗಿಲಿಗೆ ಅಡ್ಡ ನಿಂತಳು.

"ಒಂದೇ ಒಂದು ಗೆರೆ ಉಳಿದಿದ್ರೆ ಹೇಳಿ ಮೇಡಂ!" ಎಂದ ಮೇಸ್ತ್ರಿ, ಹೆಮ್ಮೆಯಿಂದ.

ಅವಳು ಬೆಡ್‌ಶೀಟು ಬಿಡಿಸಿ ನೋಡಿದಳು. ಮೂಲೆ ಮೂಲೆ ಹುಡುಕಿದಳು. ಮೇಸ್ತ್ರಿ ನಿಜಕ್ಕೂ ಕೆಲಸಗಾರ. ಅದನ್ನು ಮತ್ತೆ ಮಡಿಕೆಯ ಮೇಲೇ ಮಡಿಚಿ, ಎರಡೂ ಕೈಯಲ್ಲಿ ಮ್ಯಾನೇಜರಿಗೆ ಕೊಟ್ಟಳು.

"ತಗೊಳ್ಳಿ," ಎಂದಳು. "ಅವರು ತಂದ್ಕೊಡೋದು ಸ್ವಲ್ಪ ತಡವಾಯ್ತು."